ಪುರಾವೆ ಕೇಳಿದ ವೈದ್ಯ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ನೆಗಡಿ, ಕೆಮ್ಮು, ಜ್ವರಗಳೂ ಅದರ ಹಿಂದೆಯೇ ಬರುತ್ತವೆ. ನಾಟಿಯ ಗದ್ದೆಯಲ್ಲಿ ನೆನೆದವರು, ಹಂಚಿನ ಕಾರ್ಖಾನೆಯಲ್ಲಿ ದುಡಿದು ದಣಿದವರು, ದೋಣಿಯನ್ನು ದಡಕ್ಕೆಳೆದು ಬಲೆ ಸರಿಪಡಿಸುತ್ತ ಕುಳಿತವರು ಎಲ್ಲರೂ ಒಂದಲ್ಲ ಒಂದು ದಿನ ವೈದ್ಯರ ಬಾಗಿಲಿಗೆ ಬರುತ್ತಾರೆ. ಬಂದವರಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ನಿರೀಕ್ಷೆ ಇರುತ್ತದೆ. ವೈದ್ಯರು ಒಂದು ಚುಚ್ಚುಮದ್ದು ಕೊಡಬೇಕು. ಸಾಧ್ಯವಾದರೆ ಒಂದು ಬಾಟಲಿ ಗ್ಲೂಕೋಸ್ ಏರಿಸಬೇಕು. ರಕ್ತಪರೀಕ್ಷೆಗೋ ಕ್ಷಕಿರಣ ಚಿತ್ರಕ್ಕೋ ಬರೆದುಕೊಟ್ಟರಂತೂ ಇನ್ನೂ ಸಮಾಧಾನ. ವಿಶ್ರಾಂತಿ ತೆಗೆದುಕೊಂಡು, ಗಂಜಿ ಕುಡಿದು, ಮೂರು ದಿನ ಕಾದು ನೋಡಬೇಕೆಂದು ವೈದ್ಯರು ಹೇಳಿದರೆ, ಅವರಿಗೆ ರೋಗವೇ ತಿಳಿಯಲಿಲ್ಲವೆಂದು ಭಾವಿಸುವವರೂ ಉಂಟು. ಇತ್ತ ವೈದ್ಯರಿಗೂ ಒಂದು ಅಳುಕು. ಬರಿಗೈಯಲ್ಲಿ ಕಳುಹಿಸಿದರೆ ರೋಗಿ ತನ್ನನ್ನು ನಂಬುವನೇ ಎಂಬುದು ಆ ಅಳುಕು. ಹೀಗೆ ಇಬ್ಬರೂ ಮನಸ್ಸು ಬಿಚ್ಚಿ ಮಾತನಾಡದಿದ್ದಾಗ, ಬೇಡವಾದ ಔಷಧವೂ ಬೇಡವಾದ ಪರೀಕ್ಷೆಯೂ ಅವರ ನಡುವೆ ನುಸುಳುತ್ತವೆ.

ಇದು ನಮ್ಮ ಕರಾವಳಿಯ ಮಾತು ಮಾತ್ರವಲ್ಲ. ಜಗತ್ತಿನ ಎಲ್ಲ ದೇಶಗಳ ಮಾತೂ ಹೌದು. ಈ ಚಿಕಿತ್ಸೆಯಿಂದ ನಿಜವಾಗಿಯೂ ಒಳಿತಾಗುವುದೇ? ಆಗುವುದೆಂದು ನಮಗೆ ಹೇಗೆ ಗೊತ್ತು? ಈ ಎರಡು ಸರಳ ಪ್ರಶ್ನೆಗಳಿಗಾಗಿ ತಮ್ಮ ಬಾಳನ್ನೇ ಮೀಸಲಿಟ್ಟ ವೈದ್ಯರೊಬ್ಬರು ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಆಗಿಹೋದರು. ಅವರೇ ಆರ್ಚಿಬಾಲ್ಡ್ ಕಾಕ್ರನ್. ಸ್ನೇಹಿತರು ಅವರನ್ನು ಪ್ರೀತಿಯಿಂದ ಆರ್ಚಿ ಎಂದು ಕರೆಯುತ್ತಿದ್ದರು.

ಕಾಕ್ರನ್ ಅವರು 1909ನೆಯ ಜನವರಿ 12ರಂದು ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಎಂಬ ಪಟ್ಟಣದಲ್ಲಿ ಜನಿಸಿದರು. ಉಣ್ಣೆಯ ಬಟ್ಟೆಯನ್ನು ತಯಾರಿಸುವುದು ಅವರ ಮನೆತನದ ಉದ್ಯಮ. ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ಆರ್ಚಿ ಇನ್ನೂ ಎಳೆಯ ಬಾಲಕನಾಗಿದ್ದಾಗಲೇ ತಂದೆ ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಮಡಿದರು. ಓದಿನಲ್ಲಿ ಮುಂದಿದ್ದ ಬಾಲಕ ವಿದ್ಯಾರ್ಥಿವೇತನವನ್ನು ಪಡೆದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದನು. 1930ರಲ್ಲಿ ವಿಜ್ಞಾನದಲ್ಲಿ ಪ್ರಥಮ ದರ್ಜೆಯ ಪದವಿ ದೊರೆಯಿತು.

ಈ ವೇಳೆಗೆ ಅವರನ್ನು ಒಂದು ಅಸ್ವಾಸ್ಥ್ಯ ಕಾಡತೊಡಗಿತ್ತು. ಅನೇಕ ವೈದ್ಯರನ್ನು ಕಂಡರೂ ಅದರ ಮೂಲ ತಿಳಿಯಲಿಲ್ಲ. ಕೊನೆಗೆ ಅವರು ಫ್ರಾಯ್ಡರ ಶಿಷ್ಯರಾಗಿದ್ದ ಥಿಯೊಡೋರ್ ರೈಕ್ ಎಂಬ ಮನೋವಿಶ್ಲೇಷಕರಲ್ಲಿ ಚಿಕಿತ್ಸೆಗೆ ಹೋದರು. ಅವರನ್ನು ಅನುಸರಿಸಿ ಬರ್ಲಿನ್, ವಿಯೆನ್ನಾ, ಹೇಗ್ ನಗರಗಳಲ್ಲಿ ವಾಸಮಾಡಿದರು. ಹಣವೂ ಕಾಲವೂ ವ್ಯಯವಾದುವು. ರೋಗ ಮಾತ್ರ ಹಾಗೆಯೇ ಉಳಿಯಿತು. ಇಂಥ ಚಿಕಿತ್ಸೆಯಿಂದ ಗುಣವಾಗುವುದೆಂಬುದಕ್ಕೆ ಆಧಾರವೇನು ಎಂಬ ಸಂದೇಹ ಅವರಲ್ಲಿ ಆಗಲೇ ಬೇರೂರಿತು. ತಮ್ಮ ಕುಟುಂಬದಲ್ಲಿ ಪೋರ್ಫೈರಿಯ ಎಂಬ ಅಪೂರ್ವವಾದ ಅನುವಂಶಿಕ ರೋಗವಿದೆಯೆಂಬ ಸಂಗತಿ ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೂ ಆ ದಿನಗಳ ಪ್ರವಾಸ ಸಂಪೂರ್ಣ ವ್ಯರ್ಥವಾಗಲಿಲ್ಲ. ಅವರು ಜರ್ಮನ್ ಭಾಷೆಯನ್ನು ಚೆನ್ನಾಗಿ ಕಲಿತರು. ಹಿಟ್ಲರನ ಆಳ್ವಿಕೆಯ ಕ್ರೌರ್ಯವನ್ನು ಕಣ್ಣಾರೆ ಕಂಡು ಅದರ ಕಡುವಿರೋಧಿಯಾದರು.

1934ರಲ್ಲಿ ಅವರು ಲಂಡನ್ನಿನಲ್ಲಿ ವೈದ್ಯ ವಿದ್ಯಾರ್ಥಿಯಾದರು. 1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಓದನ್ನು ನಿಲ್ಲಿಸಿ, ಗಾಯಾಳುಗಳ ಶುಶ್ರೂಷೆಗೆಂದು ಅಲ್ಲಿಗೆ ತೆರಳಿದರು. ಹಿಂದಿರುಗಿ ಬಂದು 1938ರಲ್ಲಿ ವೈದ್ಯ ಪದವಿಯನ್ನು ಪಡೆದರು. ಆ ಕಾಲದಲ್ಲಿ ಬ್ರಿಟನ್ನಿನ ಬಡವರಿಗೆ ಒಳ್ಳೆಯ ಚಿಕಿತ್ಸೆ ಸುಲಭವಾಗಿರಲಿಲ್ಲ. ಪರಿಣಾಮಕಾರಿಯಾದ ಚಿಕಿತ್ಸೆಯೆಲ್ಲವೂ ಉಚಿತವಾಗಿ ದೊರೆಯಬೇಕೆಂದು ಬರೆದ ಫಲಕವನ್ನು ಹಿಡಿದು ಕಾಕ್ರನ್ ಅವರು ಮೆರವಣಿಗೆಯಲ್ಲಿ ನಡೆದರು. ಪರಿಣಾಮಕಾರಿ ಎಂಬ ಆ ಒಂದು ಮಾತನ್ನು ಅವರು ಬೇಕೆಂದೇ ಸೇರಿಸಿದ್ದರು. ಚಿಕಿತ್ಸೆ ಎಲ್ಲರಿಗೂ ದೊರೆಯಬೇಕೆಂಬುದು ಎಷ್ಟು ಮುಖ್ಯವೋ, ದೊರೆಯುವ ಚಿಕಿತ್ಸೆಯಿಂದ ಫಲವಿರಬೇಕೆಂಬುದೂ ಅಷ್ಟೇ ಮುಖ್ಯವೆಂದು ಅವರು ನಂಬಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಅವರು ಸೇನಾವೈದ್ಯರಾಗಿ ಸೇರಿದರು. 1941ರಲ್ಲಿ ಕ್ರೀಟ್ ದ್ವೀಪ ಜರ್ಮನರ ವಶವಾದಾಗ ಸಾವಿರಾರು ಸೈನಿಕರೊಡನೆ ಅವರೂ ಸೆರೆಸಿಕ್ಕಿದರು. ಗ್ರೀಸ್ ದೇಶದ ಸಲೋನಿಕಾ ನಗರದ ಸೆರೆಶಿಬಿರದಲ್ಲಿ ಬಂದಿಗಳ ಆರೋಗ್ಯದ ಹೊಣೆ ಅವರ ಹೆಗಲಿಗೆ ಬಿತ್ತು. ಸೆರೆಯಾಳುಗಳಿಗೆ ದೊರೆಯುತ್ತಿದ್ದ ಆಹಾರ ಅತ್ಯಲ್ಪ. ವಿಷಮಶೀತಜ್ವರ, ಗಂಟಲುಮಾರಿ, ಕಾಮಾಲೆ, ಅತಿಸಾರಗಳು ಶಿಬಿರದಲ್ಲಿ ತಾಂಡವವಾಡುತ್ತಿದ್ದುವು. ಔಷಧವೆಂದರೆ ಒಂದಿಷ್ಟು ಆಸ್ಪಿರಿನ್, ಹೊಟ್ಟೆಯುರಿಯನ್ನು ಶಮನಗೊಳಿಸುವ ಪುಡಿ, ಚರ್ಮಕ್ಕೆ ಹಚ್ಚುವ ದ್ರವ, ಇಷ್ಟೇ.

ಆ ದಿನಗಳಲ್ಲಿ ಬಂದಿಗಳ ಕಾಲುಗಳು ಬಾತುಕೊಳ್ಳತೊಡಗಿದುವು. ಕಾಕ್ರನ್ ಅವರ ಕಾಲುಗಳೂ ಬಾತವು. ಕಾರಣ ಜೀವಸತ್ತ್ವದ ಕೊರತೆಯಿರಬಹುದೆಂದು ಅವರು ಊಹಿಸಿದರು. ಆದರೆ ಊಹೆಯನ್ನು ನಂಬಿ ಕೂರುವವರು ಅವರಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ನಾವಿಕರನ್ನು ಗುಂಪುಗಳಾಗಿ ವಿಂಗಡಿಸಿ, ನಿಂಬೆ ಕಿತ್ತಳೆಗಳಿಂದ ಸ್ಕರ್ವಿ ರೋಗ ಗುಣವಾಗುವುದೆಂದು ತೋರಿಸಿದ್ದನ್ನು ಅವರು ಸ್ಮರಿಸಿದರು. ಇಪ್ಪತ್ತು ರೋಗಿಗಳನ್ನು ಆರಿಸಿ ಹತ್ತು ಹತ್ತು ಜನರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಳ್ಳಸಂತೆಯಲ್ಲಿ ಕೊಂಡ ಯೀಸ್ಟನ್ನೂ, ಇನ್ನೊಂದಕ್ಕೆ ತಮ್ಮಲ್ಲಿ ಉಳಿದಿದ್ದ ಸಿ ಜೀವಸತ್ತ್ವವನ್ನೂ ಕೊಟ್ಟರು. ನಾಲ್ಕನೆಯ ದಿನಕ್ಕೆ ಯೀಸ್ಟ್ ತಿಂದವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದರು. ಇನ್ನೊಂದು ಗುಂಪಿನವರ ಸ್ಥಿತಿ ಬದಲಾಗಿರಲಿಲ್ಲ. ಈ ಫಲಿತಾಂಶವನ್ನು ಅವರು ಜರ್ಮನ್ ಅಧಿಕಾರಿಗಳ ಮುಂದಿಟ್ಟರು. ಶತ್ರುಗಳಾದರೂ ಅವರು ಅಂಕಿಗಳನ್ನು ಅಲ್ಲಗಳೆಯಲಿಲ್ಲ. ಶಿಬಿರಕ್ಕೆ ಯೀಸ್ಟ್ ಬಂದಿತು. ಪ್ರಯೋಗ ತೀರ ಚಿಕ್ಕದಾಗಿತ್ತು, ಅದರಲ್ಲಿ ದೋಷಗಳೂ ಇದ್ದುವೆಂದು ಕಾಕ್ರನ್ ಅವರೇ ಮುಂದೆ ಒಪ್ಪಿಕೊಂಡರು. ತಮ್ಮ ಯಶಸ್ಸನ್ನೂ ಒರೆಗೆ ಹಚ್ಚಿ ನೋಡುವುದು ಅವರ ಸ್ವಭಾವವಾಗಿತ್ತು.

ಸಲೋನಿಕಾದಲ್ಲಿ ಇನ್ನೊಂದು ಸಂಗತಿಯೂ ಅವರನ್ನು ಬೆರಗುಗೊಳಿಸಿತು. ಅಷ್ಟೊಂದು ರೋಗಗಳ ನಡುವೆ, ಅಷ್ಟು ಕಡಿಮೆ ಔಷಧದಲ್ಲಿ, ನೂರಾರು ಜನ ಸಾಯುವರೆಂದು ಅವರು ಭಯಪಟ್ಟಿದ್ದರು. ಆದರೆ ಅವರ ಆರೈಕೆಯಲ್ಲಿದ್ದವರಲ್ಲಿ ಸತ್ತವರು ನಾಲ್ವರು ಮಾತ್ರ. ಅವರಲ್ಲಿಯೂ ಮೂವರು ಕಾವಲುಗಾರರ ಗುಂಡಿಗೆ ಬಲಿಯಾದವರು. ಮನುಷ್ಯ ದೇಹಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಎಷ್ಟಿದೆಯೆಂಬುದನ್ನು ಅವರು ಅಲ್ಲಿ ಕಂಡುಕೊಂಡರು. ಔಷಧ ಕೊಟ್ಟ ಮೇಲೆ ರೋಗ ವಾಸಿಯಾಯಿತೆಂದ ಮಾತ್ರಕ್ಕೆ ಔಷಧದಿಂದಲೇ ವಾಸಿಯಾಯಿತೆಂದು ಹೇಳಲಾಗದು ಎಂಬ ತಿಳಿವು ಅವರಲ್ಲಿ ಗಟ್ಟಿಯಾಯಿತು.

ಮುಂದೆ ಅವರನ್ನು ಜರ್ಮನಿಯ ಸೆರೆಶಿಬಿರಗಳಿಗೆ ಒಯ್ದರು. ಎಲ್ಸ್ಟರ್‌ಹೋರ್ಸ್ಟ್ ಎಂಬಲ್ಲಿ ಕ್ಷಯರೋಗದಿಂದ ನರಳುತ್ತಿದ್ದ ನಾನಾ ದೇಶಗಳ ಬಂದಿಗಳನ್ನು ನೋಡಿಕೊಳ್ಳುವ ಕೆಲಸ. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಎದೆಗೂಡಿನೊಳಕ್ಕೆ ಗಾಳಿಯನ್ನು ತುಂಬಿ, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆ ರೂಢಿಯಲ್ಲಿತ್ತು. ಕಾಕ್ರನ್ ಅವರು ಅದನ್ನು ಮಾಡಿದರು. ಆದರೆ ಯಾರಿಗೆ ಅದನ್ನು ಮಾಡಬೇಕು, ಯಾರಿಗೆ ಮಾಡಬಾರದು, ಮಾಡದೆ ಬಿಟ್ಟರೆ ಏನಾಗುವುದು ಎಂಬುದಕ್ಕೆ ಯಾವ ಗ್ರಂಥದಲ್ಲಿಯೂ ಆಧಾರವಿರಲಿಲ್ಲ. ರೋಗಿಗಳು ಅವರ ಜೊತೆಯಲ್ಲಿಯೇ ಬದುಕುತ್ತಿದ್ದ ಗೆಳೆಯರು. ಒಳಿತಾಗಲೆಂದು ತಾನು ಮಾಡಿದ ಅನವಶ್ಯಕ ಚಿಕಿತ್ಸೆಯಿಂದಲೇ ಗೆಳೆಯರ ಆಯುಸ್ಸು ಕುಂದಿತೇ ಎಂಬ ಪ್ರಶ್ನೆ ಅವರನ್ನು ಬಹುಕಾಲ ಬಾಧಿಸಿತು. ಚಿಕಿತ್ಸೆಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ವೈದ್ಯನಿಗಿದ್ದರೆ ಸಾಲದು, ಆಯ್ಕೆಗೆ ಆಧಾರವೂ ಇರಬೇಕೆಂದು ಅವರಿಗೆ ಮನವರಿಕೆಯಾಯಿತು.

ಅದೇ ಶಿಬಿರದಲ್ಲಿ ಒಂದು ರಾತ್ರಿ ಕಾವಲುಗಾರರು ರಷ್ಯದ ಯುವಕ ಬಂದಿಯೊಬ್ಬನನ್ನು ತಂದು ಬಿಟ್ಟರು. ಅವನು ಸಾವಿನಂಚಿನಲ್ಲಿದ್ದನು, ನೋವಿನಿಂದ ಚೀರುತ್ತಿದ್ದನು. ಉಳಿದ ರೋಗಿಗಳ ನಿದ್ರೆ ಕೆಡಬಾರದೆಂದು ಕಾಕ್ರನ್ ಅವರು ಅವನನ್ನು ತಮ್ಮ ಕೋಣೆಯಲ್ಲಿಯೇ ಮಲಗಿಸಿದರು. ಶ್ವಾಸಕೋಶದ ಹೊದಿಕೆಯ ಉರಿಯೂತವೇ ನೋವಿಗೆ ಕಾರಣವೆಂದು ಭಾವಿಸಿದರು. ನೋವನ್ನು ನಿಲ್ಲಿಸುವ ಮಾರ್ಫಿನ್ ಇರಲಿಲ್ಲ, ಆಸ್ಪಿರಿನ್ನಿನಿಂದ ಪ್ರಯೋಜನವಾಗಲಿಲ್ಲ. ಅವನ ಭಾಷೆಯನ್ನು ಬಲ್ಲವರೂ ಅಲ್ಲಿರಲಿಲ್ಲ. ಏನೂ ತೋಚದೆ ಅವರು ಹಾಸಿಗೆಯ ಮೇಲೆ ಕುಳಿತು ಅವನನ್ನು ತಮ್ಮ ತೋಳುಗಳಲ್ಲಿ ಅಪ್ಪಿಕೊಂಡರು. ಕೂಡಲೆ ಚೀರಾಟ ನಿಂತಿತು. ಕೆಲವು ಗಂಟೆಗಳ ನಂತರ ಆ ಯುವಕ ಅವರ ತೋಳುಗಳಲ್ಲಿಯೇ ಶಾಂತವಾಗಿ ಪ್ರಾಣಬಿಟ್ಟನು. ಅವನನ್ನು ಚೀರಿಸಿದ್ದು ಉರಿಯೂತವಲ್ಲ, ಒಂಟಿತನ ಎಂಬುದು ಅವರಿಗೆ ಅರ್ಥವಾಯಿತು. ತಮ್ಮ ರೋಗನಿರ್ಣಯ ತಪ್ಪಿತೆಂದು ನಾಚಿ, ಈ ಪ್ರಸಂಗವನ್ನು ಅವರು ಎಷ್ಟೋ ಕಾಲ ಯಾರಿಗೂ ಹೇಳಲಿಲ್ಲ. ಔಷಧವನ್ನು ಕೊಡದಿರುವುದು ಬೇರೆ, ರೋಗಿಯನ್ನು ಕೈಬಿಡುವುದು ಬೇರೆ. ಇವೆರಡರ ಅಂತರವನ್ನು ಆ ರಾತ್ರಿ ಅವರಿಗೆ ಕಲಿಸಿತು.

ಯುದ್ಧ ಮುಗಿದ ಬಳಿಕ ಕಾಕ್ರನ್ ಅವರು ಲಂಡನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಬಳಿ ಸಂಖ್ಯಾಶಾಸ್ತ್ರವನ್ನು ಕಲಿತರು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಆಗತಾನೆ ಬಂದಿತ್ತು. ಅದನ್ನು ಯಾವ ರೋಗಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟು, ಎರಡು ಗುಂಪುಗಳನ್ನು ಹೋಲಿಸಿ ನೋಡುವ ವಿಧಾನವನ್ನು ಹಿಲ್ ಅವರು ರೂಪಿಸಿದ್ದರು. ಅದರ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಸೆರೆಶಿಬಿರದಲ್ಲಿ ತಾವು ತಡಕಾಡಿದ ದಾರಿ ಇದೇ ಎಂದು ಕಾಕ್ರನ್ ಅವರಿಗೆ ಅನ್ನಿಸಿತು.

1948ರಲ್ಲಿಯೇ ಅವರು ವೇಲ್ಸ್ ಪ್ರಾಂತದ ಕಾರ್ಡಿಫ್ ಬಳಿ ಗಣಿಕಾರ್ಮಿಕರ ಶ್ವಾಸಕೋಶ ರೋಗಗಳನ್ನು ಅಧ್ಯಯನ ಮಾಡುವ ಕೇಂದ್ರವನ್ನು ಸೇರಿದರು. ಕಲ್ಲಿದ್ದಲಿನ ಧೂಳನ್ನು ಉಸಿರಾಡಿದ ಕಾರ್ಮಿಕರ ಶ್ವಾಸಕೋಶಗಳು ಕ್ರಮೇಣ ಗಡುಸಾಗುತ್ತಿದ್ದುವು. ಕಾಕ್ರನ್ ಅವರೂ ಸಂಗಡಿಗರೂ ರೋಂಡಾ ಫಾಕ್ ಕಣಿವೆಯಲ್ಲಿ ಮನೆಮನೆಗೆ ಅಲೆದು, ಒಬ್ಬರನ್ನೂ ಬಿಡಬಾರದೆಂಬ ಹಟದಿಂದ ಸಾವಿರಾರು ಜನರ ಎದೆಯ ಕ್ಷಕಿರಣ ಚಿತ್ರಗಳನ್ನು ತೆಗೆದರು. ಇಲ್ಲಿ ಒಂದು ವಿಚಿತ್ರ ಬಯಲಾಯಿತು. ಒಂದೇ ಚಿತ್ರವನ್ನು ಇಬ್ಬರು ತಜ್ಞರು ನೋಡಿದಾಗ ಅಭಿಪ್ರಾಯಗಳು ಬೇರೆಯಾಗುತ್ತಿದ್ದುವು. ಒಬ್ಬರೇ ತಜ್ಞರು ಬೇರೊಂದು ದಿನ ಅದೇ ಚಿತ್ರವನ್ನು ನೋಡಿದಾಗಲೂ ಅಭಿಪ್ರಾಯ ಬದಲಾಗುತ್ತಿತ್ತು. ಯಂತ್ರ ತೆಗೆದ ಚಿತ್ರವಾದರೂ ಅದನ್ನು ಓದುವುದು ಮನುಷ್ಯನ ಕಣ್ಣು. ಆದುದರಿಂದ ಪರೀಕ್ಷೆಯ ಫಲವೆಂದರೆ ತಪ್ಪಲಾರದ ದೈವವಾಣಿಯಲ್ಲ. ಕಾರಣವಿಲ್ಲದೆ ಮಾಡಿಸಿದ ಒಂದು ಪರೀಕ್ಷೆಯಲ್ಲಿ ಸಂದೇಹದ ಗುರುತೊಂದು ಕಂಡರೆ, ಅದನ್ನು ಬೆನ್ನಟ್ಟಿ ಇನ್ನೆರಡು ಪರೀಕ್ಷೆಗಳೂ, ಅವುಗಳ ಹಿಂದೆ ಚಿಕಿತ್ಸೆಯೂ ಬರಬಹುದು.

ಈ ಸತ್ಯವನ್ನು ಅವರು ತಮ್ಮ ಮೈಮೇಲೆಯೇ ಅನುಭವಿಸಬೇಕಾಯಿತು. ಒಮ್ಮೆ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಭಾಗವೆಲ್ಲ ಕ್ಯಾನ್ಸರಿನಿಂದ ತುಂಬಿದೆ, ಬದುಕುವ ಕಾಲ ಹೆಚ್ಚಿಲ್ಲ ಎಂದು ಶಸ್ತ್ರವೈದ್ಯರು ತಿಳಿಸಿದರು. ಎಲ್ಲರ ಬಳಿಯೂ ಆಧಾರವನ್ನು ಕೇಳುತ್ತಿದ್ದ ಕಾಕ್ರನ್ ಅವರು ಆ ಹೊತ್ತಿನಲ್ಲಿ ಮಾತ್ರ ಏನನ್ನೂ ಕೇಳದೆ ನಂಬಿದರು; ಮರಣಕ್ಕೆ ಮನಸ್ಸನ್ನು ಸಿದ್ಧಗೊಳಿಸಿಕೊಂಡರು. ಆದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ ಬಂದಾಗ ಅದರಲ್ಲಿ ಕ್ಯಾನ್ಸರಿನ ಸುಳಿವೇ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿದ ರೋಗಿಗೆ, ಅವನು ಎಂಥ ವಿದ್ವಾಂಸನಾಗಿದ್ದರೂ, ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

1960ರಲ್ಲಿ ಅವರು ವೇಲ್ಸಿನ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾದರು. ಆ ದಶಕದಲ್ಲಿ ಹೃದಯಾಘಾತವಾದವರಿಗಾಗಿ ವಿಶೇಷ ಘಟಕಗಳು ಆಸ್ಪತ್ರೆಗಳಲ್ಲಿ ಆರಂಭವಾಗುತ್ತಿದ್ದುವು. ಅಂದಿನ ಘಟಕಗಳ ಆರೈಕೆ ಮನೆಯ ಆರೈಕೆಗಿಂತ ಮೇಲೆಂಬುದಕ್ಕೆ ಪುರಾವೆಯಿದೆಯೇ ಎಂದು ಪರೀಕ್ಷಿಸಲು ಬ್ರಿಸ್ಟಲ್ ನಗರದ ಮ್ಯಾಥರ್ ಎಂಬ ವೈದ್ಯರು ಒಂದು ಹೋಲಿಕೆಯನ್ನು ಕೈಗೊಂಡರು. ಅದರ ಮೊದಲ ಅಂಕಿಗಳು ಬಂದಾಗ ಕಾಕ್ರನ್ ಅವರು ಒಂದು ಉಪಾಯ ಮಾಡಿದರು. ಮನೆಯಲ್ಲಿ ಸತ್ತವರೇ ಸ್ವಲ್ಪ ಹೆಚ್ಚೆಂದು ಕಾಣುವಂತೆ ಅಂಕಿಗಳನ್ನು ಅದಲುಬದಲು ಮಾಡಿ ಹೃದಯತಜ್ಞರಿಗೆ ತೋರಿಸಿದರು. ಕೆಲವರು ಕೆರಳಿ, ಇದು ಅಧರ್ಮ, ಪ್ರಯೋಗವನ್ನು ಕೂಡಲೆ ನಿಲ್ಲಿಸಬೇಕು ಎಂದು ಪಟ್ಟು ಹಿಡಿದರು. ಆಗ ಕಾಕ್ರನ್ ಅವರು ನಿಜವಾದ ಅಂಕಿಗಳನ್ನು ಹೊರತೆಗೆದರು. ಸ್ವಲ್ಪ ಹೆಚ್ಚು ಸಾವು ಸಂಭವಿಸಿದ್ದು ಆಸ್ಪತ್ರೆಯ ಘಟಕದಲ್ಲಿ. ಹಾಗಾದರೆ ಘಟಕಗಳನ್ನು ಕೂಡಲೆ ಮುಚ್ಚಬೇಕೇ ಎಂದು ಕೇಳಿದಾಗ ಸಭೆ ಮೌನವಾಯಿತು. ವ್ಯತ್ಯಾಸ ಬಹಳ ಅಲ್ಪವಾಗಿದ್ದುದರಿಂದ ಪ್ರಯೋಗ ಮುಂದುವರಿಯುವುದೇ ಸರಿಯಾಗಿತ್ತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂದಿನಿಂದ ಇಂದಿನವರೆಗೆ ಹೃದ್ರೋಗದ ಚಿಕಿತ್ಸೆ ಬಹಳ ಮುಂದುವರಿದಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ, ಮುಚ್ಚಿದ ರಕ್ತನಾಳವನ್ನು ತೆರೆಯುವ ವಿಧಾನಗಳು ಪರೀಕ್ಷೆಯಲ್ಲಿ ಗೆದ್ದು ಬಂದಿವೆ. ಇಂದು ಎದೆನೋವು ಕಾಣಿಸಿಕೊಂಡವರು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಪುರಾವೆ ಬದಲಾದಂತೆ ನಡೆಯೂ ಬದಲಾಗಬೇಕೆಂಬುದೇ ಕಾಕ್ರನ್ ಅವರ ಬೋಧೆಯಾಗಿತ್ತು.

1972ರಲ್ಲಿ ಅವರ ಚಿಕ್ಕ ಪುಸ್ತಕವೊಂದು ಪ್ರಕಟವಾಯಿತು. ಬ್ರಿಟನ್ನಿನಲ್ಲಿ 1948ರಿಂದ ಸರ್ಕಾರವೇ ಎಲ್ಲರಿಗೂ ಚಿಕಿತ್ಸೆಯನ್ನು ಒದಗಿಸುತ್ತಿತ್ತು. ಆದರೆ ಆ ಚಿಕಿತ್ಸೆಗಳಲ್ಲಿ ಎಷ್ಟನ್ನು ಸರಿಯಾಗಿ ಪರೀಕ್ಷಿಸಲಾಗಿದೆ ಎಂದು ಅವರು ಅದರಲ್ಲಿ ಪ್ರಶ್ನಿಸಿದರು. ಫಲವಿಲ್ಲದ ಚಿಕಿತ್ಸೆಗೆ ಹಣ ಸುರಿದರೆ ಫಲವಿರುವ ಚಿಕಿತ್ಸೆಗೆ ಹಣ ಉಳಿಯದು; ವೃದ್ಧರ, ಅಸಹಾಯಕರ ಆರೈಕೆಗೂ ಉಳಿಯದು ಎಂಬುದು ಅವರ ವಾದ. ಅವರು ಚಿಕಿತ್ಸೆಯ ವಿರೋಧಿಗಳಾಗಿರಲಿಲ್ಲ. ಅಗ್ಗದ ಆಸ್ಪಿರಿನ್ ಮಾತ್ರೆ ಹೃದಯಾಘಾತವಾದವರಿಗೆ ನೆರವಾಗಬಹುದೇ ಎಂಬುದನ್ನು ಪರೀಕ್ಷಿಸಿ 1974ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೀಟರ್ ಎಲ್‌ವುಡ್ ಅವರೊಡನೆ ಕಾಕ್ರನ್ ಅವರ ಪಾಲೂ ಇತ್ತು. 1979ರಲ್ಲಿ ಅವರು, ನಡೆದ ಪ್ರಯೋಗಗಳನ್ನೆಲ್ಲ ಒಂದೆಡೆ ಕೂಡಿಸಿ, ತೂಗಿ, ಕಾಲಕಾಲಕ್ಕೆ ತಿದ್ದಿ ವೈದ್ಯರ ಕೈಗೆ ಕೊಡುವ ವ್ಯವಸ್ಥೆ ಇಲ್ಲದಿರುವುದು ವೈದ್ಯವೃತ್ತಿಗೆ ಒಂದು ಕುಂದೆಂದು ಬರೆದರು.

1988ರ ಜೂನ್ 18ರಂದು ಕಾಕ್ರನ್ ಅವರು ನಿಧನರಾದರು. ಅವರು ಬಯಸಿದ ಕೆಲಸವನ್ನು ಕಿರಿಯರಾದ ಇಯಾನ್ ಚಾಮರ್ಸ್ ಮೊದಲಾದವರು ಕೈಗೆತ್ತಿಕೊಂಡರು. 1993ರಲ್ಲಿ ಅವರ ಹೆಸರಿನಲ್ಲಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಅದರ ಲಾಂಛನದಲ್ಲಿಯೇ ಒಂದು ಕಥೆಯಿದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಒಂದು ಅಗ್ಗದ ಔಷಧವನ್ನು ಕೊಟ್ಟರೆ ಅನೇಕ ಶಿಶುಗಳು ಬದುಕುತ್ತವೆಂದು 1972ರಿಂದ ಪ್ರಯೋಗಗಳು ಹೇಳುತ್ತಿದ್ದುವು. ಅವುಗಳನ್ನೆಲ್ಲ ಒಂದೆಡೆ ಸೇರಿಸಿ ನೋಡುವವರಿಲ್ಲದೆ, ಬಹುಕಾಲ ಹೆಚ್ಚಿನ ತಾಯಂದಿರಿಗೆ ಆ ಔಷಧ ದೊರೆಯಲೇ ಇಲ್ಲ. ಬೇಡವಾದುದನ್ನು ಬಿಡಿಸುವಂತೆಯೇ ಬೇಕಾದುದನ್ನು ಕೊಡಿಸುವುದೂ ಪುರಾವೆಯ ಕೆಲಸವೆಂದು ಆ ಲಾಂಛನ ನೆನಪಿಸುತ್ತದೆ. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಈ ಸಂಸ್ಥೆಯ ಕಾರ್ಯದಲ್ಲಿ ಪಾಲ್ಗೊಂಡರು. 2019ರಲ್ಲಿ ನಮ್ಮ ದೇಶದ ಕ್ಯಾನ್ಸರ್ ತಜ್ಞರು ಕೂಡಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೈಬಿಡಬೇಕಾದ ಹತ್ತು ಪದ್ಧತಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು.

ಇನ್ನು ನಮ್ಮೂರಿನ ವೈದ್ಯರ ಬಾಗಿಲಿಗೆ ಹಿಂದಿರುಗೋಣ. ಸಾಮಾನ್ಯವಾದ ನೆಗಡಿ ವೈರಸ್ಸಿನಿಂದ ಬರುತ್ತದೆ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧದಿಂದ ಅದು ಗುಣವಾಗದು. ಬೇಡದ ಕಡೆ ಆ ಔಷಧವನ್ನು ಬಳಸುತ್ತ ಹೋದರೆ, ಬೇಕಾದ ದಿನ ಅದು ಕೆಲಸಕ್ಕೆ ಬಾರದಂತೆ ಬ್ಯಾಕ್ಟೀರಿಯಗಳು ಬಲಿತುಕೊಳ್ಳುತ್ತವೆ. ಆದರೆ ಇದೇ ಕರಾವಳಿಯ ಗದ್ದೆಗಳಲ್ಲಿ ದುಡಿಯುವವರಿಗೆ ಬರುವ ಇಲಿಜ್ವರ ಬ್ಯಾಕ್ಟೀರಿಯದಿಂದಲೇ ಬರುವಂಥದು. ಅದಕ್ಕೆ ಸಕಾಲದಲ್ಲಿ ಆ ಔಷಧ ಬೇಕೇ ಬೇಕು. ಎರಡೂ ಜ್ವರಗಳೇ. ಯಾವುದು ಯಾವುದೆಂದು ಬಲ್ಲವರು ವೈದ್ಯರು. ಆದುದರಿಂದ ಪ್ರಶ್ನೆ ಕೇಳುವುದೆಂದರೆ ವೈದ್ಯರನ್ನು ಅಲ್ಲಗಳೆಯುವುದಲ್ಲ. ಬರೆದುಕೊಟ್ಟ ಔಷಧವನ್ನು ತಾನಾಗಿಯೇ ನಿಲ್ಲಿಸುವುದೂ ಅಲ್ಲ. ಈ ಪರೀಕ್ಷೆ ಯಾತಕ್ಕಾಗಿ, ಇದರಿಂದ ಚಿಕಿತ್ಸೆಯೇನಾದರೂ ಬದಲಾಗುವುದೇ, ಇದರಿಂದ ತೊಂದರೆಗಳುಂಟೇ, ಇದಕ್ಕಿಂತ ಸರಳವಾದ ಮಾರ್ಗವಿದೆಯೇ, ಕೆಲವು ದಿನ ಕಾದರೆ ಏನಾಗಬಹುದು ಎಂದು ವಿನಯದಿಂದ ಕೇಳುವುದು ರೋಗಿಗೆ ಉಚಿತವಾದುದು. ಕಾಯಬಹುದಾದರೆ ಯಾವ ಲಕ್ಷಣ ಕಂಡಾಗ ಮರಳಿ ಬರಬೇಕೆಂಬುದನ್ನೂ ಸೇರಿಸಿ ತಾಳ್ಮೆಯಿಂದ ಉತ್ತರಿಸುವುದು ವೈದ್ಯರಿಗೆ ಉಚಿತವಾದುದು.

ಚುಚ್ಚುಮದ್ದು ಕೊಡದೆ ಹತ್ತು ನಿಮಿಷ ಮಾತನಾಡಿ ಕಳುಹಿಸಿದ ವೈದ್ಯರು ಏನೂ ಕೊಡಲಿಲ್ಲವೆಂದು ನಾವು ತಿಳಿಯಬಾರದು. ಔಷಧವಿಲ್ಲದ ಸೆರೆಶಿಬಿರದಲ್ಲಿ ಸಾಯುತ್ತಿದ್ದ ಅಪರಿಚಿತನನ್ನು ಅಪ್ಪಿಕೊಂಡು ಕುಳಿತ ಕಾಕ್ರನ್ ಅವರು ಕೊಟ್ಟದ್ದೂ ಅಂಥದನ್ನೇ. ರೋಗಿ ಅಂಜದೆ ಕೇಳಿದಾಗ, ವೈದ್ಯರು ಬೇಸರಿಸದೆ ಹೇಳಿದಾಗ, ಆ ಮಹನೀಯರು ಬಾಳೆಲ್ಲ ಹಂಬಲಿಸಿದ ವೈದ್ಯಕೀಯ ನಮ್ಮ ಊರುಗಳಲ್ಲಿಯೂ ನೆಲೆಗೊಳ್ಳುವುದು.